ಎರಡು ಹನಿ ನೀಲಿ

ನಾನು ಹೆಬ್ಬೆರಳುದ್ದದ ಒಂದು ಗಾಜಿನ ಶೀಶೆ. ಕಾರ್ಖಾನೆಯಲ್ಲಿ ನನ್ನೊಳಗೆ ಗುಲಾಬಿ ಬಣ್ಣದ ದ್ರವ ತುಂಬಿ ಬಿರಡೆ ಬಿಗಿದರು. ನನ್ನ ಹನಿ ಬಿದ್ದರೆ ಕೊಕೇನ್ ಪುಡಿ ನೀಲಿಯಾಗುತ್ತದೆ. ಕೆಲವು ಸಾದಾ ಔಷಧಿಗಳೂ ನೀಲಿಯಾಗುತ್ತವೆ. ಅದಕ್ಕೇ ನನ್ನ ಡಬ್ಬಿಯ ಮೇಲೆ 'ಇದು ಅನುಮಾನಕ್ಕೆ ಮಾತ್ರ, ಪ್ರಯೋಗಾಲಯದಲ್ಲಿ ಖಚಿತಪಡಿಸಿಕೊಳ್ಳಿ' ಎಂದು ಸಣ್ಣ ಅಕ್ಷರದಲ್ಲಿ ಅಚ್ಚು ಹಾಕಿದ್ದರು.

ಗೋವಾ ರಸ್ತೆಯ ಒಂದು ಚೆಕ್‌ಪೋಸ್ಟಿಗೆ ನನ್ನನ್ನು ಕಳಿಸಿದರು. ಹೆಡ್ ಕಾನ್‌ಸ್ಟೇಬಲ್ ಬಾಳಗೌಡರು ಆ ಸಣ್ಣ ಅಕ್ಷರಗಳನ್ನು ಕನ್ನಡಕ ಹಾಕಿಕೊಂಡು ಓದಿದರು. ಓದಿದವರು ಅವರೊಬ್ಬರೇ.

ಒಂದು ಮಧ್ಯಾಹ್ನ ಬಸ್ಸು ತಪಾಸಣೆ ಮಾಡುವಾಗ ಭರಮಪ್ಪನೆಂಬ ಪ್ರಯಾಣಿಕನ ಜೇಬಿನಲ್ಲಿ ಬಿಳಿ ಪುಡಿಯ ಪೊಟ್ಟಣ ಸಿಕ್ಕಿತು. ಅವನ ಹೆಂಡತಿ ಕಾಶವ್ವ ಗಂಟಲಿನ ಆಪರೇಷನ್ ಮಾಡಿಸಿಕೊಂಡು ಊರಿಗೆ ಹೊರಟಿದ್ದಳು. ಆಕೆಯ ದನಿ ಹೋಗಿತ್ತು.

"ಈಕಿ ತುರಿಕಿ ಗುಳಿಗಿ ರೀ ಸಾಹೇಬ್ರ. ನುಂಗಾಕ ಬರೂದಿಲ್ಲಂತ ಅರದೇನಿ," ಎಂದ ಭರಮಪ್ಪ.

"ಡಾಕ್ಟರ್ ಚೀಟಿ ಎಲ್ಲೈತಿ?" ಎಂದರು ಚೆಕ್‌ಪೋಸ್ಟಿನ ಪಿಎಸ್‌ಐ.

"ದವಾಖಾನ್ಯಾಗ ಉಳದೈತ್ರಿ."

ಪಿಎಸ್‌ಐ ನನ್ನ ಎರಡು ಹನಿ ಸುರಿದರು. ಪುಡಿ ನೀಲಿಯಾಯಿತು.

"ಸರ್, ಲ್ಯಾಬಿನಿಂದ ರಿಪೋರ್ಟ್ ಬರೂತನಕ ತಡೀಬೇಕ್ರಿ. ಡಬ್ಬಿ ಮ್ಯಾಲೆ ಬರದೈತಿ," ಎಂದರು ಬಾಳಗೌಡರು.

"ನೀಲಿ ಆಗಿದ್ದು ನಿಮ್ಮ ಕಣ್ಣಿಗಿ ಕಾಣವಲ್ದೇನ್ರಿ?"

ಕಾಶವ್ವ ಬಸ್ಸಿನಿಂದ ಇಳಿದು ಬಂದಳು. ಪಟ್ಟಿ ಕಟ್ಟಿದ ಗಂಟಲು ತೋರಿಸಿದಳು, ಅಂಗೈ ಮೇಲೆ ಮುಷ್ಟಿ ಇಟ್ಟು ಅರೆಯುವಂತೆ ಮಾಡಿದಳು. ಮತ್ತೆ ಮತ್ತೆ ಮಾಡಿದಳು. ಜೀಪು ಗಂಡನನ್ನು ಕರೆದೊಯ್ದಿತು. ಕಂಡಕ್ಟರು ಆಕೆಯನ್ನು ಎತ್ತಿ ಸೀಟಿನಲ್ಲಿ ಕೂರಿಸಿದ.

ಪ್ರಯೋಗಾಲಯದ ವರದಿ ಬರಲು ಮೂರು ತಿಂಗಳು ಹಿಡಿಯಿತು: ಕೊಕೇನ್ ಇಲ್ಲ, ತುರಿಕೆಯ ಔಷಧಿ. ಅಷ್ಟರೊಳಗೆ ಕಾಶವ್ವ ತೀರಿಕೊಂಡಿದ್ದಳು.

ಜೈಲಿನಿಂದ ಬಿಟ್ಟ ಮೇಲೆ ಭರಮಪ್ಪ ತನ್ನ ಚೀಲ ಒಯ್ಯಲು ಬಂದ. ಪಿಎಸ್‌ಐ ವರ್ಗವಾಗಿ ಹೋಗಿದ್ದರು. ಬಾಳಗೌಡರು ಎದ್ದು ನಿಂತು ಕುರ್ಚಿ ಕೊಟ್ಟರು. ಅವನು ಕೂರಲಿಲ್ಲ.

"ಆ ಬಾಟ್ಲಿ ತೋರಸ್ರಿ," ಎಂದ.

ಬಾಳಗೌಡರು ನನ್ನನ್ನು ಅವನ ಅಂಗೈಯಲ್ಲಿಟ್ಟರು. ಒಡೆದು ಹಾಕುತ್ತಾನೆಂದುಕೊಂಡೆ, ಒಡೆದಿದ್ದರೆ ಒಳ್ಳೆಯದಾಗುತ್ತಿತ್ತು. ಅವನು ಬಹಳ ಹೊತ್ತು ನೋಡಿ, ಮೆಲ್ಲಗೆ ಮೇಜಿನ ಮೇಲಿಟ್ಟ.

"ಗಾಂಜಾ ಮಾರಾವನ ಹೇಣ್ತಿ ಅಂತ ಆಕಿ ಮಣ್ಣಿಗೆ ನಾಕ ಮಂದಿನೂ ಬರಲಿಲ್ಲಂತ್ರಿ. ಹೊರಾಕ ಹೆಗಲು ಸಾಲದ ಎತ್ತಿನ ಗಾಡ್ಯಾಗ ಒಯ್ದಾರ."

ಬಾಳಗೌಡರು ಟೋಪಿ ತೆಗೆದು ಮೇಜಿನ ಮೇಲಿಟ್ಟರು.

ಈಗ ನನ್ನ ಅವಧಿ ಮುಗಿದಿದೆ. ಕಪಾಟಿನ ಕೆಳಗಿನ ಖಾನೆಯಲ್ಲಿ ಧೂಳು ಹಿಡಿದು ಕೂತಿದ್ದೇನೆ. ಆ ದಿನ ನಾನು ಸುಳ್ಳು ಹೇಳಲಿಲ್ಲ, ಅನುಮಾನವನ್ನಷ್ಟೇ ಹೇಳಿದೆ. ಆದರೆ ಆ ನಾಲ್ಕು ಹೆಗಲುಗಳನ್ನು ಕಾಶವ್ವನಿಂದ ಕಿತ್ತುಕೊಂಡಿದ್ದು ನನ್ನ ಎರಡೇ ಹನಿ.