ಬಿಗಿ ಮನೆಯ ಸಡಿಲಪ್ಪ

ಇದು ನಡೆದದ್ದೇ. ಸುಳ್ಳಾದರೆ ನಾನು ಕೂತಿರುವ ಈ ಬೆಂಚು ಈಗಲೇ ಮುರಿದು ಬೀಳಲಿ. ನೋಡಿದಿರಾ, ಬೀಳಲಿಲ್ಲ. ಸ್ವಲ್ಪ ಅಲ್ಲಾಡಿತು ಅನ್ನುತ್ತೀರಿ. ಅದು ಬೆಂಚಿನ ವಯಸ್ಸು, ನನ್ನ ಮಾತಿನ ತಪ್ಪಲ್ಲ.

ಒಬ್ಬ ಟೇಲರ್ ಇದ್ದ. ಪಾಪದ ಮನುಷ್ಯ. ಅವನು ಹೊಲಿದ ಬಟ್ಟೆ ಯಾರಿಗೂ ಎಂದೂ ಬಿಗಿಯಾದದ್ದಿಲ್ಲ. ಅಂಗಿ ಹೊಲಿಸಿಕೊಂಡವರು ಒಳಗೆ ಚೆನ್ನಾಗಿ ಗಾಳಿಯಾಡುತ್ತದೆ ಅನ್ನುತ್ತಿದ್ದರು. ಪ್ಯಾಂಟು ಹೊಲಿಸಿಕೊಂಡವರು ಏನೂ ಅನ್ನದೆ ಒಂದು ಕೈ ಸೊಂಟದ ಮೇಲಿಟ್ಟುಕೊಂಡೇ ಓಡಾಡುತ್ತಿದ್ದರು. ಹೆಣ್ಣು ಕೊಟ್ಟ ಮಾವ ಅವನಿಗೆ ಇಟ್ಟ ಹೆಸರು ಸಡಿಲಪ್ಪ.

ಮಾವ ನಲ್ಲಿ ರಿಪೇರಿಯವರು. ಅವರು ಬಿಗಿ ಮಾಡಿದ ನಲ್ಲಿ ಸೋರುತ್ತಿರಲಿಲ್ಲ. ಆಮೇಲೆ ಅದರಲ್ಲಿ ನೀರೂ ಬರುತ್ತಿರಲಿಲ್ಲ, ಆ ಮಾತು ಬೇರೆ. ಮನೆಮಂದಿಗೆಲ್ಲ ಅದೇ ರಕ್ತ. ಕಣ್ಣಿಗೆ ಬಿದ್ದ ತಿರುಪನ್ನು ಒಂದು ಸುತ್ತು ಬಿಗಿ ಮಾಡದೆ ಯಾರೂ ಮುಂದೆ ಹೆಜ್ಜೆ ಇಡುತ್ತಿರಲಿಲ್ಲ. ಒಮ್ಮೆ ಕಳ್ಳನೊಬ್ಬ ನುಗ್ಗಿ ಅತ್ತೆಯ ಓಲೆ ಇದ್ದ ತಿರುಪು ಮುಚ್ಚಳದ ಡಬ್ಬಿ ಕದ್ದುಕೊಂಡು ಹೋದ. ಕೆಲವು ದಿನ ಕಳೆದ ಮೇಲೆ ಎರಡೂ ಅಂಗೈಗೆ ಬಟ್ಟೆ ಸುತ್ತಿಕೊಂಡು ಬಂದು, ಡಬ್ಬಿಯನ್ನು ಹೊಸಿಲ ಮೇಲಿಟ್ಟು, "ಅಮ್ಮಾ, ಇದನ್ನ ಸ್ವಲ್ಪ ತೆಗೆದುಕೊಡ್ತೀರಾ" ಅಂದ. ಅತ್ತೆ ಪ್ರಯತ್ನಪಟ್ಟರು. ಅವರಿಗೂ ಬರಲಿಲ್ಲ. ಊರಲ್ಲಿ ಅದು ಬಿಗಿ ಮನೆ ಎಂದೇ ಹೆಸರಾಯಿತು. ಟೇಲರ್ ಮನೆ ಅಳಿಯನಾಗಿ ಅಲ್ಲೇ ಇದ್ದ.

ಆ ಮನೆಯಲ್ಲಿ ಒಂದು ಹಳೇ ಕಾರಿತ್ತು. ಮಾವ ಹುಟ್ಟುವುದಕ್ಕೂ ಮೊದಲಿನದು. ಕಪ್ಪೆಯ ಕಣ್ಣಿನಂಥ ದೀಪ, ಬಾಗಿಲ ಕೆಳಗೆ ಹತ್ತಲು ಮೆಟ್ಟಿಲು, ಊರುಗೋಲಿನಷ್ಟು ಉದ್ದದ ಗೇರು. ಮಾವ ಹೊಟ್ಟೆ ಆಪರೇಷನ್‌ಗೆಂದು ಆಸ್ಪತ್ರೆ ಸೇರುವಾಗ ಕಾರಿನ ಕೀಲಿಯನ್ನು ಸ್ವಂತ ಮಗನಿಗೆ ಕೊಡದೆ ಅಳಿಯನಿಗೆ ಕೊಟ್ಟಿದ್ದರು. "ವಾಪಸ್ ಬರೋವಾಗ ಇದೇ ಕಾರಲ್ಲಿ ಬರ್ತೀನಿ. ಬೇರೆ ಗಾಡಿ ತಂದ್ರೆ ನಾನು ಅಲ್ಲೇ ಮಲಗಿರ್ತೀನಿ, ಗೊತ್ತಾಯ್ತಾ ಸಡಿಲಪ್ಪ?"

ಕರೆತರುವ ದಿನ ಬೆಳಿಗ್ಗೆ ಟೇಲರ್ ಬಾನೆಟ್ ಎತ್ತಿದ. ಪೆಟ್ರೋಲ್ ವಾಸನೆ ಗಪ್ಪನೆ ಮುಖಕ್ಕೆ ಹೊಡೆಯಿತು.

ಪೆಟ್ರೋಲ್ ತರುವ ಸಣ್ಣ ತಾಮ್ರದ ಪೈಪು ಎಂಜಿನ್‌ಗೆ ಸೇರುವ ಕಡೆ ಒಂದು ಹಿತ್ತಾಳೆ ನಟ್ಟಿದೆ. ಅದರ ಕೆಳಗೆ ಒಂದು ತೊಟ್ಟು ನೇತಾಡುತ್ತಿತ್ತು. ಅವನು ನೋಡುತ್ತಿದ್ದಂತೆ ಅದು ದಪ್ಪಗಾಯಿತು, ನಡುಗಿತು, ಬಿತ್ತು. ಬಿದ್ದ ಜಾಗಕ್ಕೆ ಸರಿಯಾಗಿ ಹೊಗೆ ಕೊಳವೆ. ಎಂಜಿನ್ ಓಡಿದರೆ ಅದು ಕಾದ ಬಾಣಲೆ.

ಟೇಲರ್ ಒಂದು ಹೆಜ್ಜೆ ಹಿಂದೆ ಸರಿದ. ಬರೀ ಅದಕ್ಕಲ್ಲ. ಮಾವನ ಚುಟ್ಟಾ ನೆನಪಾಯಿತು. ಆಸ್ಪತ್ರೆಯಲ್ಲಿ ಅವರಿಗೆ ಚುಟ್ಟಾ ಮುಟ್ಟಲು ಬಿಟ್ಟಿರಲಿಲ್ಲ. ಕಾರಲ್ಲಿ ಕೂತು ಮಾಡುವ ಮೊದಲ ಕೆಲಸ ಕಡ್ಡಿ ಗೀರುವುದು. ಅದನ್ನು ಬೇಡ ಅನ್ನುವ ಗಂಡಸು ಆ ವಂಶದಲ್ಲಿ ಇನ್ನೂ ಹುಟ್ಟಿರಲಿಲ್ಲ. ಮುಂದೆ ಸೋರುವ ಪೆಟ್ರೋಲ್, ಪಕ್ಕದಲ್ಲಿ ಉರಿಯುವ ಚುಟ್ಟಾ, ನಡುವೆ ತಾನು.

ಮೊಳೆಗೆ ತೂಗುಹಾಕಿದ್ದ ಸ್ಪ್ಯಾನರ್ ತಂದು ನಟ್ಟನ್ನು ಒಂದು ಚೂರು ತಿರುಗಿಸಿದ. ತೊಟ್ಟು ನಿಂತಂತೆ ಕಂಡಿತು. ಸ್ಪ್ಯಾನರನ್ನು ಮೊಳೆಗೆ ಸಿಕ್ಕಿಸಿ, ಕೈತೊಳೆದು ಬಂದು ನೋಡಿದರೆ ಮೊದಲಿಗಿಂತ ಜೋರಾಗಿ ಸೋರುತ್ತಿದೆ. ಮತ್ತೆ ಒಂದು ಚೂರು ತಿರುಗಿಸಿ, ನೀರು ಕುಡಿದು ಬಂದ. ಇನ್ನೂ ಜೋರು. ಎದೆ ಹೊಲಿಗೆ ಮಿಷಿನ್ನಿನ ಹಾಗೆ ಓಡತೊಡಗಿತು. ಆಗ ಕಣ್ಣಿಗೆ ಬಿತ್ತು. ಸ್ಪ್ಯಾನರ್ ಮೊಳೆಯ ಮೇಲಿಲ್ಲ, ಮಡ್ಗಾರ್ಡ್ ಮೇಲೆ ಮಲಗಿದೆ. ಮುಟ್ಟಿದರೆ ಬೆಚ್ಚಗಿದೆ.

ಅವನು ಒಳಗೆ ಹೋಗಿ ನಡುಮನೆಯಲ್ಲಿ ನಿಂತ. "ಆ ನಟ್ಟನ್ನ ಯಾರು ಮುಟ್ಟಿದ್ದು?"

ಬಾಮೈದ ಪೇಪರಿನಿಂದ ತಲೆ ಎತ್ತಲಿಲ್ಲ. "ಸ್ವಲ್ಪ ಅಷ್ಟೇ, ಭಾವ. ನೀವು ಮಾಡಿದ್ದು ಬಿಗಿನಾ ಅದು? ನಿಮ್ಮ ಪ್ಯಾಂಟಿನ ಹಾಗಿತ್ತು."

"ನಾನೂ ಒಂದು ಕೈ ಹಾಕ್ದೆ ಕಣ್ರೀ," ಅಂದಳು ಹೆಂಡತಿ. "ದಾರೀಲಿ ಹೋಗ್ತಿದ್ದೆ."

"ಕಾರು ಶೆಡ್ಡಲ್ಲಿದೆ. ಅದು ಯಾವ ದಾರಿ?"

ಅತ್ತೆ ಅಡುಗೆಮನೆಯಿಂದಲೇ ಮಾತಾಡಿದರು. "ನಾನೇನೂ ಸ್ಪ್ಯಾನರ್ ಮುಟ್ಟಿಲ್ಲಪ್ಪ. ಪಾತ್ರೆ ಇಳಿಸೋ ಇಕ್ಕಳದಲ್ಲಿ ಹಾಗೇ ಒಂದು ಸಾರಿ ಹಿಡಿದು ನೋಡ್ದೆ. ಗಟ್ಟಿ ಇರ್ಲಿ ಅಂತ."

ಪಕ್ಕದ ಬೀದಿಯಲ್ಲಿ ಗ್ಯಾರೇಜ್ ಇಟ್ಟುಕೊಂಡಿದ್ದ ಹೆಂಗಸನ್ನು ಎಲ್ಲರೂ ಗ್ಯಾರೇಜಕ್ಕ ಎಂದೇ ಕರೆಯುತ್ತಿದ್ದರು. ಟೇಲರ್ ಅಲ್ಲಿಗೆ ಓಡಿದ. ಅವಳು ಲಾರಿಯ ಕೆಳಗೆ ಮಲಗಿದ್ದಳು, ಕಾಲು ಮಾತ್ರ ಹೊರಗಿತ್ತು. ಅವನು ಆ ಕಾಲಿಗೇ ಕತೆ ಹೇಳಿದ.

"ಯಾವ ಮನೆ ಅಂದ್ರಿ?" ಅಂದವು ಕಾಲುಗಳು.

"ಬಿಗಿ ಮನೆ, ಅಕ್ಕ."

"ಹಾಗಾದ್ರೆ ಪೈಪಿನ ಬಾಯಿ ಸೀಳಿದೆ, ನೋಡೋದೇ ಬೇಡ. ತಾಮ್ರ ಅಂದ್ರೆ ಮೆದು, ಟೇಲರಣ್ಣ. ಕಹಳೆ ಬಾಯಿ ಥರ ಅಗಲಿಸಿರ್ತಾರೆ, ನಟ್ಟು ಅದನ್ನ ಮೆಲ್ಲಗೆ ಅಮುಕಿ ಹಿಡಿಬೇಕು. ನೀವೆಲ್ಲ ಸೇರಿ ಅದರ ಕತ್ತು ಹಿಸುಕಿದ್ದೀರಿ. ಸೀಳಿದ್ದಷ್ಟನ್ನ ಕತ್ತರಿಸಿ ಹೊಸ ಬಾಯಿ ಮಾಡಿ. ಸಾಮಾನು ಆ ಬೆಂಚಿನ ಮೇಲಿದೆ. ನನಗೆ ಈ ಲಾರಿ ಬಿಟ್ಟು ಬರೋಕಾಗಲ್ಲ, ಗೇರ್‌ಬಾಕ್ಸ್ ಎದೆ ಮೇಲಿದೆ."

"ನನಗೆ ಬರುತ್ತಾ ಅಕ್ಕ?"

"ಮೊದಲು ನಟ್ಟು ಪೈಪಿಗೆ ಹಾಕಿ, ಆಮೇಲೆ ಬಾಯಿ ಅಗಲಿಸಿ. ಬಾಯಿ ಅಗಲಿಸಿದ ಮೇಲೆ ನಟ್ಟು ಒಳಗೆ ಹೋಗಲ್ಲ. ಇದೊಂದು ನೆನಪಿಟ್ಕೊಳ್ಳಿ. ಬಿಗಿ ಮಾಡೋವಾಗ ಕೈಯಲ್ಲಿ ಎಷ್ಟು ತಿರುಗುತ್ತೋ ಅಷ್ಟು, ಆಮೇಲೆ ಸ್ಪ್ಯಾನರಲ್ಲಿ ಒಂದು ಚಿಟಿಕೆ. ಕಿರ್ ಅಂತು ಅಂದ್ರೆ ಕೆಟ್ಟಿತು."

ಸಾಮಾನು ಎತ್ತಿಕೊಂಡು, ದಾರಿಯುದ್ದಕ್ಕೂ ಅವನು ಮೊದಲು ನಟ್ಟು ಆಮೇಲೆ ಬಾಯಿ, ಮೊದಲು ನಟ್ಟು ಆಮೇಲೆ ಬಾಯಿ ಎಂದು ಗೊಣಗುತ್ತಲೇ ಬಂದ. ನಟ್ಟು ಬಿಚ್ಚಿದ. ಟ್ಯಾಂಕಿನ ನಲ್ಲಿ ಮುಚ್ಚುವುದು ಮರೆತಿದ್ದರಿಂದ ಪೆಟ್ರೋಲ್ ಬಳಬಳನೆ ಪ್ಯಾಂಟಿನ ಮೇಲೆ ಸುರಿಯಿತು. ಹಾರಿ ಹೋಗಿ ನಲ್ಲಿ ಮುಚ್ಚಿದ. ಪೈಪಿನ ಬಾಯಿ ನೋಡಿದರೆ ಗ್ಯಾರೇಜಕ್ಕ ಹೇಳಿದ ಹಾಗೇ ಸೀಳಿತ್ತು. ಸೀಳಿದ ತುಂಡನ್ನು ಕತ್ತರಿಸಿದ, ಪೈಪನ್ನು ಗ್ಯಾರೇಜಿನ ಸಾಮಾನಿನ ಎರಡು ಕಬ್ಬಿಣದ ಪಟ್ಟಿಗಳ ನಡುವೆ ಹಿಡಿಸಿದ, ಅದರ ಮೊನಚು ತಿರುಪನ್ನು ಪೈಪಿನ ಬಾಯಿಗೆ ಒತ್ತಿ ತಿರುಗಿಸಿದ. ತಾಮ್ರ ಮೆಲ್ಲಗೆ ಅರಳಿತು. ಎಷ್ಟು ಚೆಂದದ ಬಾಯಿ ಅಂದರೆ ಊದಿದರೆ ರಾಗ ಬರಬೇಕು. ಖುಷಿಯಿಂದ ಹಿಂದೆ ಸರಿದು ನೋಡಿದ.

ನಟ್ಟು ಅವನ ಜೇಬಿನಲ್ಲಿತ್ತು.

ಟೇಲರ್ ಅಲ್ಲೇ ಕುಕ್ಕರಿಸಿ ಕೂತ. ಎರಡೂ ತೋಳು ಹೊಲಿದು, ಕೊನೆಗೆ ನೋಡಿದರೆ ಕೊರಳಿಗೆ ತೂತೇ ಬಿಟ್ಟಿಲ್ಲ ಎಂಬ ಹಾಗಾಗಿತ್ತು. ಮತ್ತೆ ಕತ್ತರಿಸಬೇಕು. ಪೈಪು ಮೊದಲೇ ಗಿಡ್ಡವಾಗಿತ್ತು. ಇನ್ನೊಂದು ಸಲ ತಪ್ಪಿದರೆ ಅದು ಎಂಜಿನ್ನಿನ ಹತ್ತಿರಕ್ಕೇ ಬರುವುದಿಲ್ಲ, ಮಾವ ಆಸ್ಪತ್ರೆ ಬಿಡುವುದಿಲ್ಲ.

"ರೀ, ಹೊತ್ತಾಯ್ತು," ಹೆಂಡತಿ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದಳು. "ಅಪ್ಪ ಆಗ್ಲೇ ಚಪ್ಪಲಿ ಹಾಕ್ಕೊಂಡು ಮಂಚದ ಮೇಲೆ ಕೂತಿದ್ದಾರಂತೆ. ಅಯ್ಯೋ, ಏನ್ ನಾತ ನಿಮ್ಮದು. ಬಟ್ಟೆ ಬದಲಾಯಿಸಿ ಹೋಗಿ."

"ನನ್ನ ಬಟ್ಟೆ ಹಾಳಾಗಿ ಹೋಗ್ಲಿ. ನೀನು ಒಳಗೆ ಹೋಗು. ಕೈ ಹಿಂದೆ ಕಟ್ಕೊಂಡು ಹೋಗು."

ಈ ಸಲ ಮೊದಲು ನಟ್ಟು ಹಾಕಿದ. ಅದು ಜಾರಿ ಹೋಗದಂತೆ ಹಲ್ಲಿನಿಂದ ದಾರ ಕಡಿದು ಒಂದು ಗಂಟೂ ಹಾಕಿದ. ಉಸಿರು ಬಿಗಿಹಿಡಿದು ಬಾಯಿ ಅಗಲಿಸಿದ. ದಾರ ಬಿಚ್ಚಿ ಪೈಪು ಎಳೆದರೆ ಅದು ಎಂಜಿನ್ನನ್ನು ಮುಟ್ಟಿತು. ಮುಟ್ಟಿತು ಅಷ್ಟೇ, ನೆಂಟರ ಮನೆಯಲ್ಲಿ ಹೊಸ ಸೊಸೆ ಕುರ್ಚಿಯ ತುದಿಗೆ ಕೂತ ಹಾಗೆ. ಕೈಯಲ್ಲಿ ತಿರುಗುವಷ್ಟು ತಿರುಗಿಸಿದ. ಸ್ಪ್ಯಾನರಲ್ಲಿ ಒಂದು ಚಿಟಿಕೆ. ಕಿರ್ ಅನ್ನಲಿಲ್ಲ. ನಲ್ಲಿ ಬಿಟ್ಟು ಬೆರಳಿಟ್ಟು ನೋಡಿದ. ಒಣ. ಎಂಜಿನ್ ಓಡಿಸಿ ಮತ್ತೆ ನೋಡಿದ. ಒಣ.

ಈಗ ಹೊಸ ಹೆದರಿಕೆ ಶುರುವಾಯಿತು. ಇಷ್ಟು ಸಡಿಲ ಸಾಕೇ? ಇನ್ನೊಂದೇ ಒಂದು ಚೂರು ತಿರುಗಿಸಿದರೆ? ಆ ಮನೆಯ ನೀರು ಕುಡಿದವನಲ್ಲವೇ, ಕೈ ತಾನಾಗಿಯೇ ಸ್ಪ್ಯಾನರಿನ ಕಡೆ ಹೋಯಿತು. ಇನ್ನೊಂದು ಕೈಯಿಂದ ಆ ಕೈಯನ್ನು ಹಿಡಿದು ಹಿಂದಕ್ಕೆ ಎಳೆದುಕೊಂಡ. ಬಾನೆಟ್ ಮುಚ್ಚಿ, ಸ್ಪ್ಯಾನರನ್ನು ಜೇಬಿಗೆ ಹಾಕಿಕೊಂಡು ಒಬ್ಬನೇ ಹೊರಟ.

ಮಾವ ಆಸ್ಪತ್ರೆಯ ಗೇಟಿನಲ್ಲೇ ನಿಂತಿದ್ದರು, ಹೊತ್ತಿಸದ ಚುಟ್ಟಾ ಬಾಯಲ್ಲಿಟ್ಟುಕೊಂಡು. ಕಾರು ಹತ್ತುತ್ತಾ ಗೊಣಗಿದರು. "ಆ ಡಾಕ್ಟರ್ ಹೊಟ್ಟೆ ಮೇಲೆ ಸಡಿಲವಾಗಿ ಹೊಲಿದಿದ್ದಾನೆ. ಇನ್ನೊಂದು ಎಳೆ ಬಿಗಿ ಮಾಡಯ್ಯಾ ಅಂದ್ರೆ ನಕ್ಕ."

ಕಾರು ಹೊರಟಿತು. ಮೊದಲ ತಿರುವಿನಲ್ಲೇ ಮಾವ ಮೂಗು ಅರಳಿಸಿದರು.

"ಪೆಟ್ರೋಲ್ ವಾಸನೆ."

"ಇಲ್ಲ ಮಾವ."

"ನಿಲ್ಸು."

ರಸ್ತೆ ಬದಿಯಲ್ಲಿ ನಿಂತಿತು. ಮಾವ ಇಳಿದು, ಕಡ್ಡಿ ಗೀರಿ, ಚುಟ್ಟಾ ಹೊತ್ತಿಸಿಕೊಂಡೇ ಬಾನೆಟ್ ಎತ್ತಿದರು. ಟೇಲರ್ ಹಿಂದೆಯೇ ಹಾರಿ ಇಳಿದ. ಚುಟ್ಟಾದ ಕೆಂಪು ತುದಿ ನಟ್ಟಿನ ಮೇಲೆ ದೀಪದ ಹಾಗೆ ಬಾಗಿತು.

"ಇದೇ. ಇದನ್ನ ಯಾರೋ ಸಡಿಲ ಬಿಟ್ಟಿದ್ದಾರೆ. ಸ್ಪ್ಯಾನರ್ ಕೊಡು."

ಸ್ಪ್ಯಾನರ್ ಟೇಲರನ ಜೇಬಿನಲ್ಲಿ ಭಾರವಾಗಿ ತೂಗುತ್ತಿತ್ತು. ಕೊಟ್ಟರೆ ಪೈಪು ಸೀಳುತ್ತದೆ, ಸೀಳಿದರೆ ಚುಟ್ಟಾ ಅಲ್ಲೇ ಇದೆ. ಮದುವೆಯಾದಾಗಿನಿಂದ ಮಾವನಿಗೆ ಅವನು ಆಡದ ಒಂದು ಮಾತು ಉಳಿದಿತ್ತು.

"ಕೊಡಲ್ಲ ಮಾವ."

"ಏನಂದೆ?"

"ಕೊಡಲ್ಲ. ದಾರ ಬಿಗಿಯಾಗಿ ಎಳೆದ್ರೆ ಬಟ್ಟೆ ಹರಿಯುತ್ತೆ. ನಿಮ್ಮ ಹೊಟ್ಟೆ ಹೊಲಿಗೆ ನೀವು ಹೇಳಿದಷ್ಟು ಬಿಗಿ ಮಾಡಿದ್ರೆ ಮೊದಲನೇ ಸೀನಿಗೇ ಬಿಟ್ಕೊಳ್ತಿತ್ತು. ಇದೂ ಹಾಗೇ. ಮುಟ್ಟಿ ನೋಡಿ, ಒಣಗಿದೆ."

ಮಾವ ಬೆರಳಿಟ್ಟರು. ಮೂಸಿದರು. ಒಣ. "ಹಾಗಾದ್ರೆ ವಾಸನೆ ಎಲ್ಲಿಂದ?" ಎಂದು ಗಾಳಿಯಲ್ಲಿ ಮೂಗಾಡಿಸುತ್ತಾ, ಮೂಸುತ್ತಾ ಮೂಸುತ್ತಾ ಬಂದವರು ಅಳಿಯನ ಸೊಂಟದ ಹತ್ತಿರ ನಿಂತರು. "ಸಡಿಲಪ್ಪ, ಸೋರ್ತಿರೋದು ನೀನು."

ಹಾಗೆ ಅನ್ನಲು ಬಾಯಿ ತೆರೆದಾಗಲೇ ಚುಟ್ಟಾ ಜಾರಿ ಅಳಿಯನ ಪ್ಯಾಂಟಿನ ಮೇಲೆ ಬಿತ್ತು.

ಟೇಲರ್ ಮಾಡಿದ್ದು ಒಂದೇ. ಕಾರಿನಿಂದ ದೂರಕ್ಕೆ, ರಸ್ತೆಯ ನಡುವಿಗೆ ಹಾರಿದ. ಪ್ಯಾಂಟು ಭಗ್ ಎಂದು ಹೊತ್ತಿಕೊಂಡಿತು. ಬೇರೆ ಯಾವ ಟೇಲರ್ ಹೊಲಿದಿದ್ದರೂ ಅವನು ಗುಂಡಿ ಬಿಚ್ಚುವಷ್ಟರಲ್ಲಿ ಕತೆ ಮುಗಿಯುತ್ತಿತ್ತು. ಇದು ಅವನೇ ಹೊಲಿದದ್ದು. ಸೊಂಟದ ಮೇಲಿನ ಕೈ ತೆಗೆದ, ಅಷ್ಟೇ. ಪ್ಯಾಂಟು ಬಾವಿಗೆ ಬಿಟ್ಟ ಕೊಡದ ಹಾಗೆ ಸುಯ್ಯನೆ ಕೆಳಗಿಳಿಯಿತು. ಅವನು ಅದರಿಂದಾಚೆ ಕಾಲಿಟ್ಟು ನಿಂತ, ಒಂದು ಕೂದಲೂ ಸುಡದೆ, ಬರೀ ಚಡ್ಡಿಯಲ್ಲಿ. ಪ್ಯಾಂಟು ನಡುರಸ್ತೆಯಲ್ಲಿ ತಾನೊಂದೇ ಉರಿಯುತ್ತಿತ್ತು, ಒಳಗೆ ಸ್ಪ್ಯಾನರ್ ಕೆಂಪಗೆ ಕಾಯುತ್ತಿತ್ತು. ಕಾರು ಪಕ್ಕದಲ್ಲಿ ಒಣಗಿ ನಿಂತಿತ್ತು.

ಮಾವ ಬಿದ್ದ ಚುಟ್ಟಾವನ್ನು ಚಪ್ಪಲಿಯಿಂದ ಹೊಸಕಿದರು. ಆಮೇಲೆ ಬಾನೆಟ್ ಮುಚ್ಚಿದರು, ಮೆಲ್ಲಗೆ, ಎರಡು ಬೆರಳಲ್ಲಿ.

"ನಡಿಯಪ್ಪ, ಮನೆಗೆ ಹೋಗೋಣ," ಅಂದರು. ಸ್ವಲ್ಪ ದೂರ ಹೋದ ಮೇಲೆ ಹೊರಗೆ ನೋಡುತ್ತಾ, "ನನಗೂ ಅಂಥದೊಂದು ಪ್ಯಾಂಟು ಹೊಲಿ."

ಆ ನಟ್ಟು ಇವತ್ತಿನವರೆಗೂ ಸೋರಿಲ್ಲ. ಬಾಕಿ ಬುದ್ಧಿಯೇನೂ ಆ ಮನೆಗೆ ಬಂದಿಲ್ಲ. ಅತ್ತೆಯ ಓಲೆಯ ಡಬ್ಬಿ ಇನ್ನೂ ತೆಗೆಯಲು ಬಂದಿಲ್ಲ. ಟೇಲರ್ ಅದನ್ನು ನನ್ನ ಕೈಗೆ ಕೊಟ್ಟು, ಗಟ್ಟಿ ಕೈಯವರು ಸಿಕ್ಕರೆ ತೆಗೆಸಿಕೊಂಡು ಬಾ ಅಂದಿದ್ದಾನೆ. ನೋಡಿ, ಇದೇ. ಅಲ್ಲಾಡಿಸಿದರೆ ಒಳಗೆ ಸದ್ದಾಗುತ್ತದೆ. ಇಷ್ಟು ಹೊತ್ತು ನೀವು ಒಳಗೊಳಗೇ ನಗುತ್ತಿದ್ದುದನ್ನು ನಾನು ಕಂಡಿದ್ದೇನೆ. ನಂಬಿಕೆ ಇಲ್ಲದಿದ್ದರೆ ಹಿಡಿಯಿರಿ, ತೆಗೆದು ತೋರಿಸಿ. ತೆಗೆಯಲು ಬರದಿದ್ದರೆ ಕತೆ ನಿಜ ಅಂತ ಒಪ್ಪಿಕೊಂಡು, ಈ ಬೆಂಚಿನ ಕಾಲು ನೀವೇ ರಿಪೇರಿ ಮಾಡಿಸಿಕೊಡಬೇಕು. ಅಯ್ಯೋ, ಆ ಕಡೆ ತಿರುಗಿಸಬೇಡಿ ಮಾರಾಯರೇ, ಅದು ಬಿಗಿಯಾಗುವ ಕಡೆ.