ಕಿಟಕಿಯ ಕೆಳಗೆ ನಿಂತವಳು

ಎಡಗಾಲಿಗೆ ಬೂಟು ಹತ್ತುತ್ತಲೇ ಇರಲಿಲ್ಲ. ಶಾಲೆಯ ಅಡುಗೆಯವಳು ಮಂಚದ ಬುಡದಲ್ಲಿ ಮಂಡಿಯೂರಿ, ಹಿಮ್ಮಡಿಯ ಸಂದಿಗೆ ಚಮಚದ ಹಿಡಿ ತೂರಿಸಿ, ಬದುಕಿರುವವರ ಕಾಲಿಗೆ ನೋವಾದೀತು ಎಂಬಂತೆ ಮೆಲ್ಲಗೆ ಒತ್ತುತ್ತಿದ್ದಳು. ತೀರಿಹೋದ ಮುದುಕಿಯ ತಮ್ಮ, ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು, ಬಾಗಿಲಲ್ಲಿ ನಿಂತು ನೋಡುತ್ತಿದ್ದ.

"ಬಿಡಮ್ಮಾ. ಹೇಗಿದ್ರೂ ಮೇಲೆ ಹೊದಿಸ್ತೀವಿ. ಯಾರು ನೋಡ್ತಾರೆ?"

"ಮೂವತ್ತು ವರ್ಷ ಆಸ್ಪತ್ರೆ ಲಾಂಡ್ರಿಲಿ ನೀರಲ್ಲಿ ನಿಂತ ಕಾಲು ಮಾವ ಇದು. ಬರಿಗಾಲಲ್ಲಿ ಕಳಿಸೋಕೆ ಮನಸ್ಸು ಬರ್ತಿಲ್ಲ."

ಅವನು ಹೋಗಿ ಬ್ಲೇಡು ತಂದ. ಬೂಟಿನ ಹಿಂಬದಿಯ ಹೊಲಿಗೆಯನ್ನು ಎರಡು ಬೆರಳಿನಷ್ಟು ಬಿಚ್ಚಿದ. ಕಾಲು ಒಳಗೆ ಸೇರಿತು.

ಮುಂದಿನ ಕೋಣೆಯಲ್ಲಿ ಆಗಲೇ ಜನ ತುಂಬಿದ್ದರು. ಅಡುಗೆಯವಳ ಇಬ್ಬರು ಹೆಣ್ಣುಮಕ್ಕಳು ಎಲ್ಲರಿಗೂ ಟೀ ಕೊಡುತ್ತಿದ್ದರು. ಸಾವಿನ ಮನೆಯಾದರೂ ಮಾತು ನಗುವಿನ ಕಡೆಗೇ ವಾಲುತ್ತಿತ್ತು. ಚರ್ಚಿನಲ್ಲಿ ಆ ಮುದುಕಿಯನ್ನು ಎಲ್ಲರೂ ತಡವಮ್ಮ ಎಂದೇ ಕರೆಯುತ್ತಿದ್ದುದು. ಒಂಬತ್ತಕ್ಕೆ ಆರಾಧನೆ ಎಂದರೆ ಅವಳು ಒಂಬತ್ತೂವರೆಗೆ, ಅರ್ಧಂಬರ್ಧ ಒಣಗಿದ ತಲೆಗೂದಲಲ್ಲಿ ಬಂದು ಕೊನೆಯ ಬೆಂಚಿನ ತುದಿಗೆ ಕೂರುತ್ತಿದ್ದಳು. ಇವತ್ತೊಂದು ದಿನ ತಡವಮ್ಮ ನಮಗಿಂತ ಮೊದಲೇ ಹೋಗಿ ಮುಟ್ಟಿದ್ದಾರೆ ಎಂದು ಪಾದ್ರಿ ಹೇಳಿದಾಗ ನಕ್ಕವರೇ ಕಣ್ಣೂ ಒರೆಸಿಕೊಂಡರು.

ಆಗ ಬೇಕರಿಯವನ ಹೆಂಡತಿ ಟೀ ಲೋಟವನ್ನು ಕೆಳಗಿಟ್ಟಳು. ತನ್ನ ಗಂಡ ಹಾಸಿಗೆ ಹಿಡಿದ ಎರಡು ವರ್ಷ ಪ್ರತಿ ಭಾನುವಾರ ಬೆಳಗ್ಗೆ ತಡವಮ್ಮ ಬಂದು ಅವನ ಮೈ ಒರೆಸಿ, ಬಟ್ಟೆ ಬದಲಿಸಿ, ಗಂಜಿ ಕುಡಿಸಿ ಹೋಗುತ್ತಿದ್ದಳೆಂದೂ, ವಾರದಲ್ಲಿ ತಾನು ಕಣ್ತುಂಬ ನಿದ್ದೆ ಮಾಡುತ್ತಿದ್ದುದು ಆ ಎರಡು ಗಂಟೆ ಮಾತ್ರವೆಂದೂ ಹೇಳಿದಳು. ಮೂಲೆಯಲ್ಲಿದ್ದ ಬಡಗಿ ತಲೆಯಾಡಿಸಿದ. ಅವನ ಹೆಂಡತಿ ತೀರಿಕೊಂಡ ವರ್ಷ ತಡವಮ್ಮ ಅವನ ಮನೆಗೂ ಹಾಗೇ ಬರುತ್ತಿದ್ದಳಂತೆ, ಮಕ್ಕಳ ತಲೆ ಬಾಚೋಕೆ.

ಪಾದ್ರಿ ಬಡಗಿಯ ಕಡೆಗೆ ತಿರುಗಿದರು.

"ತಡ ಮಾಡ್ತೀರಿ ಅಂತ ಒಂದ್ಸಲ ಎಲ್ಲರೆದುರು ಅಂದುಬಿಟ್ಟಿದ್ದೆ. ಅವರು ತಪ್ಪಾಯ್ತು ಅಂದ್ರು. ಅಷ್ಟೇ ಅಂದಿದ್ದು."

*

ಇಪ್ಪತ್ತು ವರ್ಷದ ಹಿಂದೆ ಅಡುಗೆಯವಳು ಇನ್ನೂ ಅಡುಗೆಯವಳಾಗಿರಲಿಲ್ಲ. ಗಂಡನನ್ನು ಲಾರಿ ಅಪಘಾತದಲ್ಲಿ ಕಳೆದುಕೊಂಡು ಆರು ತಿಂಗಳಾಗಿತ್ತು. ದೊಡ್ಡವಳಿಗೆ ಐದು ವರ್ಷ, ಚಿಕ್ಕದಕ್ಕೆ ಇನ್ನೂ ವರ್ಷ ತುಂಬಿರಲಿಲ್ಲ. ಗಾಯದ ಮೇಲೆ ಬರೆ ಎಳೆದಂತೆ ಅವಳಿಗೆ ಕ್ಷಯ ಅಂಟಿತು. ಆಸ್ಪತ್ರೆ ಸೇರಲೇಬೇಕು, ಮಕ್ಕಳು ಹತ್ತಿರ ಸುಳಿಯಬಾರದು ಅಂದರು ಡಾಕ್ಟರು. ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸಲು ಅಧಿಕಾರಿ ಬಂದು ಕಾಗದ ಬರೆಯುತ್ತಾ ಕೂತಿದ್ದ.

ಓಣಿಯ ಚರ್ಚಿನವರು ಕಷ್ಟದಲ್ಲಿರುವ ಒಂದೊಂದು ಮನೆಗೆ ತಮ್ಮಲ್ಲಿನ ಒಂದೊಂದು ಮನೆಯವರನ್ನು ಜೊತೆ ಮಾಡುತ್ತಿದ್ದರು. ಈ ಮನೆಯ ಪಾಲಿಗೆ ಬಂದವಳು ತಡವಮ್ಮ. ಅವತ್ತೂ ತಡವಾಗಿಯೇ, ಕೈಯಲ್ಲಿ ಸೋಪಿನ ವಾಸನೆ ಹೊತ್ತು ಒಳಗೆ ಬಂದಳು.

"ಮಕ್ಕಳು ಎಲ್ಲಿರ್ತಾರೆ ಅಂತ ತಾನೆ ಬರೀತಿರೋದು? ನನ್ನ ಮನೇಲಿ ಅಂತ ಬರ್ಕೊಳ್ಳಿ. ತಾಯಿ ವಾಸಿಯಾಗೋ ತನಕ."

ಬಿಟ್ಟಿ ಕೊಡುವ ಕೈ ನಾಳೆ ಏನು ಕೇಳುತ್ತದೋ ಎಂದು ತಾಯಿಗೆ ಅನುಮಾನ. ನೀವ್ಯಾಕೆ ಇಟ್ಕೊಳ್ತೀರಿ ಎಂದು ಒರಟಾಗಿಯೇ ಕೇಳಿದಳು. ತನ್ನ ಮನೆಯಲ್ಲಿ ಒಂದು ಮಂಚ ಸುಮ್ಮನೆ ಬಿದ್ದಿದೆ, ಅದಕ್ಕೆ, ಅಂದಳು ತಡವಮ್ಮ.

ಹನ್ನೊಂದು ವಾರ. ದಿನಾ ಸಂಜೆ ನಾಲ್ಕಕ್ಕೆ ಲಾಂಡ್ರಿಯ ಕೆಲಸ ಮುಗಿಸಿ, ಚಿಕ್ಕದನ್ನು ಸೊಂಟದ ಮೇಲೆ ಕೂರಿಸಿಕೊಂಡು, ದೊಡ್ಡವಳ ಕೈಹಿಡಿದು ವಾರ್ಡಿನ ಕಿಟಕಿಯ ಕೆಳಗೆ ಬಂದು ನಿಲ್ಲುತ್ತಿದ್ದಳು. ಆ ಒಂದು ವಿಷಯದಲ್ಲಿ ಅವಳು ಯಾವತ್ತೂ ತಡ ಮಾಡಲಿಲ್ಲ. ದೊಡ್ಡವಳು ಕೆಳಗಿನಿಂದಲೇ ಅಂದಿನ ವರದಿ ಒಪ್ಪಿಸುತ್ತಿದ್ದಳು: ಹಲ್ಲು ಅಲ್ಲಾಡ್ತಿದೆ, ತಂಗಿ ನನ್ನ ಪೆನ್ಸಿಲ್ ತಿಂದಳು.

ಐದನೇ ವಾರ ಒಂದು ಸಂಜೆ ಚಿಕ್ಕದು ತಡವಮ್ಮನ ಕೊರಳು ತಬ್ಬಿ, ಸ್ಪಷ್ಟವಾಗಿ, ಅಮ್ಮ ಅಂದಿತು. ಅದು ಆಡಿದ ಮೊದಲ ಮಾತು. ಮೇಲೆ ಕಿಟಕಿಯ ಸರಳು ಹಿಡಿದಿದ್ದ ತಾಯಿಗೂ ಅದು ಕೇಳಿಸಿತು. ತಡವಮ್ಮ ಮಗುವಿನ ಗದ್ದಕ್ಕೆ ಬೆರಳಿಟ್ಟು ಮುಖವನ್ನು ಮೇಲೆ ತಿರುಗಿಸಿದಳು.

"ಅಲ್ಲಿ ನೋಡು. ಅಮ್ಮ ಅಲ್ಲಿ. ನಾನು ಅಜ್ಜಿ."

ಮಗು ಮತ್ತೆ ಅವಳಿಗೇ ಅಮ್ಮ ಅಂದಿತು. ಅವಳು ಮತ್ತೆ ಅದರ ಮುಖ ಎತ್ತಿದಳು. ಮಗು ಕಿಟಕಿಯತ್ತ ಕೈಚಾಚುವ ತನಕ ಬಿಡಲಿಲ್ಲ.

*

ಸ್ಮಶಾನದಲ್ಲಿ ಪ್ರಾರ್ಥನೆ ಮುಗಿದು ಜನ ಮಣ್ಣು ಹಾಕಲು ಸಾಲುಗಟ್ಟಿದಾಗ, ಅಡುಗೆಯವಳು ಆ ಸಂಜೆಯ ಕತೆಯನ್ನು ಮುದುಕಿಯ ತಮ್ಮನಿಗೆ ಹೇಳಿದಳು. ಅವನಿಗೆ ಅದು ಗೊತ್ತಿತ್ತು.

"ಅವತ್ತು ನಾನು ಅಕ್ಕನ ಮನೇಲೇ ಇದ್ದೆ. ಹಾಲಿನ ಬಾಟಲಿ ತೊಳೀತಾ ಅಳ್ತಿದ್ಲು. ಮಕ್ಕಳಿಲ್ಲದೋಳು, ಒಂದ್ಸಲ ಅಮ್ಮ ಅನ್ನಿಸ್ಕೊಂಡ್ರೆ ಏನು ಕಡಿಮೆ ಆಗ್ತಿತ್ತು ನಿಂಗೆ ಅಂದೆ. ನಂಗೇನೂ ಆಗ್ತಿರಲಿಲ್ಲ ಕಣೋ, ಕಡಿಮೆ ಆಗ್ತಿದ್ದಿದ್ದು ಮೇಲೆ ಕಿಟಕೀಲಿ ನಿಂತೋಳಿಗೆ ಅಂದ್ಲು."

ಅಡುಗೆಯವಳಿಗೆ ತನ್ನ ಬಾಳಿನ ಇಪ್ಪತ್ತು ವರ್ಷಗಳು, ಶಾಲೆಯ ಒಲೆ, ಬೆಳೆದುನಿಂತ ಇಬ್ಬರು ಹುಡುಗಿಯರು, ಎಲ್ಲವನ್ನೂ ಯಾರೋ ಕೈಗೆ ಹೊಸದಾಗಿ ಕೊಟ್ಟಂತಾಯಿತು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಚಿಕ್ಕವಳು ಅವಳ ತೋಳು ಹಿಡಿದಳು.

"ಬಾ ಅಮ್ಮಾ, ಮಣ್ಣು ಹಾಕೋಣ."

ಮಣ್ಣು ಹಾಕಿ ತಿರುಗಿದಾಗ, ಅಪರಿಚಿತ ತರುಣಿಯೊಬ್ಬಳು ಅಳುವ ಕೂಸನ್ನು ಎತ್ತಿಕೊಂಡು ಪಾದ್ರಿಯ ಮುಂದೆ ನಿಂತಿದ್ದಳು. ನಾಳೆ ಭಾನುವಾರ, ಏಳಕ್ಕೆ ಅವರು ಬರ್ತಿದ್ದರು, ಇನ್ನು ಮುಂದೆ ಹೇಗೆ ಅಂತ ಕೇಳೋಕೆ ಬಂದೆ ಎಂದು ತೊದಲುತ್ತಿದ್ದಳು. ಇಂಥ ಹೊತ್ತಲ್ಲಿ ಕೇಳಿದೆನಲ್ಲ ಎಂಬ ನಾಚಿಕೆಯಿಂದ ತಲೆ ತಗ್ಗಿಸಿದ್ದಳು. ಕಣ್ಣ ಸುತ್ತ ನಿದ್ದೆಗೆಟ್ಟ ಕಪ್ಪು.

ಪಾದ್ರಿ ಬಾಯಿ ತೆರೆಯುವ ಮೊದಲೇ ಅಡುಗೆಯವಳು ಕೈ ಚಾಚಿದಳು. "ಮನೆ ಎಲ್ಲಿ ಅಂತ ಆಮೇಲೆ ಹೇಳುವಿಯಂತೆ. ಈಗ ಕೂಸನ್ನ ಇಲ್ಲಿ ಕೊಡು, ನೀನು ಒಂದು ಗಳಿಗೆ ಕೂತ್ಕೋ ಮಗಳೇ."

ತರುಣಿ ಗೋಡೆಯ ಬದಿಯ ಕಲ್ಲುಬೆಂಚಿನ ಮೇಲೆ ಕೂತಳು. ಕೂತಲ್ಲೇ ತಲೆ ಗೋಡೆಗೆ ಒರಗಿ, ಬಾಯಿ ಅರೆತೆರೆದು, ನಿದ್ದೆ ಹೋದಳು. ಅದನ್ನು ಕಂಡ ಜನ ಮಾತಿನ ದನಿ ತಗ್ಗಿಸಿ, ಕಾಲಸಪ್ಪಳವಾಗದಂತೆ ಒಬ್ಬೊಬ್ಬರಾಗಿ ಗೇಟಿನತ್ತ ನಡೆದರು. ಗುಂಡಿ ಮುಚ್ಚುತ್ತಿದ್ದವನು ಒಮ್ಮೆ ಅವಳತ್ತ ನೋಡಿ, ಕೈಲಿದ್ದ ಸಲಿಕೆಯನ್ನು ಮಣ್ಣಿನ ಗುಡ್ಡೆಗೆ ಸದ್ದಿಲ್ಲದೆ ಒರಗಿಸಿ, ಕಾಯುತ್ತಾ ನಿಂತ.