ನೀರೋನ ಮೂಗಿನ ನರಹುಲಿ

ಮುದ್ರಣಾಲಯದಲ್ಲಿ ಎಲ್ಲರೂ ಅವನನ್ನು ಕರಡಿ ಎಂದೇ ಕರೆಯುತ್ತಿದ್ದರು. ಇಪ್ಪತ್ತೆಂಟು ವರ್ಷ ಬರೀ ಕರಡು ತಿದ್ದಿದವನಿಗೆ ಇನ್ಯಾವ ಹೆಸರು ಬಿದ್ದೀತು? ಕರಡಿಗೆ ಕೊಂಬಿಲ್ಲ ನಿಜ, ಆದರೆ ಯಾರದಾದರೂ ಬರಹದಲ್ಲಿ ಒಂದು ಕೊಂಬು ಬಿಟ್ಟುಹೋಗಿದ್ದರೂ ಇಡೀ ಪುಟವನ್ನು ವಾಪಸು ಕಳಿಸುತ್ತಿದ್ದ.

ಆ ಶನಿವಾರ ಮಧ್ಯಾಹ್ನ ಮನೆಯಲ್ಲಿ ಅವನ ಮೇಜಿನ ಮೇಲೆ ಇಬ್ಬರು ನೀರೋಗಳಿದ್ದರು. ಒಬ್ಬ ಬೆಳ್ಳಿಯವನು, ಹೆಬ್ಬೆರಳಿನ ಉಗುರಿನಷ್ಟಗಲದ ರೋಮನ್ ನಾಣ್ಯದ ಮೇಲೆ ದಪ್ಪ ಕತ್ತು ತಿರುಗಿಸಿಕೊಂಡು ಕೂತ ಚಕ್ರವರ್ತಿ. ಇನ್ನೊಬ್ಬ ಕಾಗದದವನು, ನೂರು ವರ್ಷದ ಹಿಂದಿನ ಹರಾಜು ಪುಸ್ತಕದಲ್ಲಿ ಅಚ್ಚಾದ ಫೋಟೋ. ಇಬ್ಬರೂ ಒಬ್ಬನೇ ಹೌದೋ ಅಲ್ಲವೋ ಎಂದು ಐದು ಗಂಟೆಯೊಳಗೆ ಹೇಳಬೇಕಿತ್ತು. ನಾಣ್ಯದ ವ್ಯಾಪಾರಿ ಪರೀಕ್ಷಿಸಿ ನೋಡಲು ಕೊಟ್ಟಿದ್ದ ಹತ್ತು ದಿನ ಇವತ್ತಿಗೆ ಮುಗಿಯುತ್ತಿತ್ತು. ಬೇಡವೆಂದರೆ ಐದಕ್ಕೆ ಕೊರಿಯರಿನವನು ಬಂದು ಒಯ್ಯುತ್ತಾನೆ.

ಹಳೇ ನಾಣ್ಯ ಕೂಡಿಡುವವನಾದರೂ, ನಾಣ್ಯದ ಮೇಲೆ ಯಾರ ಮುಖವಿದೆ ಎಂಬುದು ಕರಡಿಗೆ ಅಷ್ಟೇನೂ ಮುಖ್ಯವಲ್ಲ. ಅದು ಯಾರ ಕೈ ದಾಟಿ ಬಂತು ಎಂಬುದೇ ಅವನ ತಲೆ ಕೊರೆಯುವ ಹುಳ. ಈ ನೀರೋ ಒಬ್ಬ ರಂಗನಟಿಯ ಬಳಿ ಇದ್ದನಂತೆ. ರಾಣಿ ಪಾತ್ರಗಳಿಗೆ ಹೆಸರಾದ ಆಕೆ ಮನೆ ತುಂಬ ಚಕ್ರವರ್ತಿಗಳನ್ನು ಕೂಡಿಹಾಕಿದ್ದಳು. ಬಣ್ಣ ಹಚ್ಚಿಕೊಳ್ಳುವ ಮೇಜಿನ ಮೇಲೆ ನೀರೋನನ್ನು ಇಟ್ಟುಕೊಂಡು, ರಂಗಕ್ಕೆ ಹೋಗುವ ಮುನ್ನ ಅವನ ಮುಖ ಕೆಳಗೆ ಮಾಡಿ ಮಗುಚುತ್ತಿದ್ದಳಂತೆ. ಅವನಿಗೂ ನಾಟಕದ ಹುಚ್ಚಿತ್ತಲ್ಲ. ಚಪ್ಪಾಳೆಯಲ್ಲಿ ಪಾಲು ಕೇಳಿಯಾನೆಂದು! ಅವಳ ಮೂರು ನಾಣ್ಯಗಳು ಆಗಲೇ ಕರಡಿಯ ಪೆಟ್ಟಿಗೆಯಲ್ಲಿದ್ದವು, ಒಂದೊಂದಕ್ಕೂ ಅವಳೇ ನೇರಳೆ ಶಾಯಿಯಲ್ಲಿ ಬರೆದ ಚೀಟಿ ಸಮೇತ. ನೀರೋನ ಚೀಟಿಯನ್ನು ಮಾತ್ರ ನಡುವೆ ಯಾರೋ ಪುಣ್ಯಾತ್ಮರು ಕಳೆದಿದ್ದರು. ಇನ್ನು ಸಾಕ್ಷಿ ಎಂದರೆ, ಅವಳ ನಾಣ್ಯಗಳು ಹರಾಜಾದಾಗ ಅಚ್ಚಾದ ಈ ಫೋಟೋ ಒಂದೇ.

ಕಿವಿಯ ಹಿಂದಿನ ಸೀಳು ಸರಿಹೋಯಿತು. ಅಂಚಿನ ಓರೆ, ಅರ್ಧ ಸವೆದ ಅಕ್ಷರ, ಗಲ್ಲದ ಗೀರು, ಹೀಗೆ ಹನ್ನೊಂದು ಗುರುತು ಕೂಡಿಬಂದವು. ಹನ್ನೆರಡನೆಯದು ಕೈಕೊಟ್ಟಿತು. ಫೋಟೋದ ನೀರೋನ ಮೂಗಿನ ಮೇಲೆ ದುಂಡಗೆ ಒಂದು ನರಹುಲಿ. ಬೆಳ್ಳಿಯ ನೀರೋನ ಮೂಗು ನುಣ್ಣಗೆ. ಕರಡಿಗೂ ನರಹುಲಿಗೂ ಹತ್ತು ದಿನ ಕುಸ್ತಿ ನಡೆದು, ಕೊನೆಗೆ ಕರಡಿಯೇ ಚಿತ್ತಾಗಿದ್ದ. ಅಚ್ಚಾದದ್ದು ಮೂಲ, ಅದಕ್ಕೆ ಹೊಂದದಿದ್ದರೆ ವಾಪಸು.

ಅವನು ನಾಣ್ಯವನ್ನು ಹತ್ತಿಯಲ್ಲಿ ಸುತ್ತುತ್ತಿದ್ದಾಗ ಹೆಂಡತಿ ಕೈಗಂಟಿದ ಬಿಳಿ ಪುಡಿ ಒರೆಸಿಕೊಳ್ಳುತ್ತ ಬಂದಳು. ದಂತವೈದ್ಯರಿಗೆ ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕೆಲಸ. ಹಿಂದಿನ ಕೋಣೆಯ ತುಂಬ ಊರವರ ದವಡೆಗಳು. ಅವನದು ಕಾಗದದ ಅಚ್ಚು, ಅವಳದು ಪ್ಲಾಸ್ಟರಿನ ಅಚ್ಚು. ಹೇಗೋ ಅಚ್ಚುಮೆಚ್ಚಿನ ಸಂಸಾರ.

"ಏನ್ರೀ, ನನ್ನ ಸವತಿ ಹೊರಟೇಬಿಟ್ಲಾ?"

"ಸತ್ತು ನೂರು ವರ್ಷ ಆಯ್ತು ಕಣೇ ಅವಳು."

"ಬದುಕಿರೋ ನನ್ನನ್ನ ಒಂದಿನಾನಾದ್ರೂ ಹೀಗೆ ಭೂತಗನ್ನಡಿ ಹಿಡಿದು ನೋಡಿದೀರಾ?"

"ನೋಡಿದ್ರೆ ತಪ್ಪು ಹುಡುಕ್ತೀನಿ ಅಂತ ನೀನೇ ಬೈತೀಯ. ಇಲ್ಲಿ ನೋಡು, ಈ ನರಹುಲಿ. ಇದೊಂದು ಇಲ್ದೇ ಹೋಗಿದ್ರೆ..."

ಅವಳು ಬಗ್ಗಿದಳು. ಮೊದಲು ಮೂಗು, ಆಮೇಲೆ ಪುಟದ ಉಳಿದ ನಾಣ್ಯಗಳು.

"ಇದರಲ್ಲಿ ತಾಮ್ರದ್ದೂ ಇದ್ಯಾ?"

"ಹೂಂ, ಕೆಳಗಿನ ಸಾಲೆಲ್ಲ ತಾಮ್ರ."

"ಮತ್ತೆ ಬೆಳ್ಳೀದೂ ತಾಮ್ರದ್ದೂ ಎಲ್ಲಾ ಒಂದೇ ಥರ ಸುಣ್ಣ ಬಳಿದ ಹಾಗೆ ಯಾಕಿದೆ? ರೀ, ಇದು ನಾಣ್ಯದ ಫೋಟೋ ಅಲ್ಲ. ಪ್ಲಾಸ್ಟರ್ ತುಂಡಿನ ಫೋಟೋ. ನರಹುಲಿನೂ ಅಲ್ಲ, ಗಾಳಿಗುಳ್ಳೆ. ನಂಗೆ ದಿನಾ ಬೆಳಗಾದ್ರೆ ಇದೇ ಗೋಳು."

"ಗುಳ್ಳೆ ಆದ್ರೆ ಗುಂಡಿ ಬೀಳ್ಬೇಕಲ್ವಾ?"

"ಪ್ಲಾಸ್ಟರಲ್ಲಿ ಗಾಳಿ ಸೇರಿದ್ರೆ ಗುಂಡಿ. ಅಳತೆ ತೆಗೆಯೋ ಅಚ್ಚಲ್ಲೇ ಸೇರಿದ್ರೆ, ಆ ತೂತಿಗೆ ಪ್ಲಾಸ್ಟರ್ ಇಳಿದು ಉಬ್ಬು. ಕೊಡಿ ಇಲ್ಲಿ ಅವನನ್ನ."

"ಲೇ, ನಾಣ್ಯಕ್ಕೆ ಏನಾದ್ರೂ ಆದ್ರೆ!"

"ಅಳತೆ ಹಿಟ್ಟನ್ನ ಜನರ ಬಾಯಿಗೇ ತುರುಕ್ತೀವಿ. ಇವನೇನು ಹಾಲುಹಲ್ಲಿನ ಮಗೂನಾ?"

ಹಲ್ಲಿನ ಅಳತೆ ತೆಗೆಯುವ ಗುಲಾಬಿ ಪುಡಿಯನ್ನು ಅವಳು ಗಾಳಿ ಸೇರಲೆಂದೇ ಒರಟೊರಟಾಗಿ ಕಲಸಿ, ನೀರೋನನ್ನು ಅದರಲ್ಲಿ ಒತ್ತಿ ತೆಗೆದಳು. ಬಿದ್ದ ಅಚ್ಚಿಗೆ ಪ್ಲಾಸ್ಟರ್ ಸುರಿದಳು. ಅದು ಗಟ್ಟಿಯಾಗುವವರೆಗಿನ ಮುಕ್ಕಾಲು ಗಂಟೆಯಲ್ಲಿ ಕರಡಿ ಗಡಿಯಾರವನ್ನು ಅರವತ್ತು ಸಲ ನೋಡಿದ. ಕೈ ಸುಮ್ಮನಿರಲಾರದೆ ಹರಾಜು ಪುಸ್ತಕವನ್ನು ಮೊದಲಿಂದ ತಿರುವಿದ. ಎರಡನೆಯ ಪುಟದ ಅಡಿಯಲ್ಲಿ, ಇರುವೆ ಸಾಲಿನಂಥ ಅಕ್ಷರದಲ್ಲಿ ಒಂದು ವಾಕ್ಯವಿತ್ತು: ಚಿತ್ರಗಳನ್ನು ನಾಣ್ಯಗಳ ಪ್ಲಾಸ್ಟರ್ ಪ್ರತಿಗಳಿಂದ ತೆಗೆಯಲಾಗಿದೆ. ಹತ್ತು ದಿನ ಚಿತ್ರ ನೋಡಿದವನು ಅದನ್ನು ಓದಿಯೇ ಇರಲಿಲ್ಲ. ಊರಿನವರ ಪುಟಗಳಲ್ಲೆಲ್ಲ ಸಣ್ಣಕ್ಷರ ಹೆಕ್ಕುವ ಕರಡಿ!

"ಯಾರಿಗೂ ಹೇಳಬೇಡ," ಎಂದ.

"ಪ್ರೆಸ್ಸಿಗೇ ಬಂದು ಹೇಳ್ತೀನಿ," ಎನ್ನುತ್ತ ಅವಳು ಪ್ಲಾಸ್ಟರಿನ ನೀರೋನನ್ನು ಬಿಡಿಸಿ ಅಂಗೈ ಮೇಲಿಟ್ಟಳು. ಮೂಗು ನುಣ್ಣಗಿತ್ತು. ಆದರೆ ಕಿವಿಯ ತುದಿಗೆ ಸರಿಯಾಗಿ ದುಂಡನೆಯ ಒಂದು ಉಬ್ಬು. ಚಕ್ರವರ್ತಿ ಓಲೆ ಹಾಕಿಕೊಂಡಿದ್ದ.

ನಾಲ್ಕೂ ಮುಕ್ಕಾಲಿಗೆ ಕರಡಿ ವ್ಯಾಪಾರಿಗೆ ಫೋನು ಮಾಡಿದ. "ಕೊರಿಯರ್ ಬೇಡ ಸ್ವಾಮಿ, ಇಟ್ಕೋತೀನಿ. ಅವಳದೇ ಇದು." ಆಮೇಲೆ ಹೊಸ ಚೀಟಿ ಕತ್ತರಿಸಿ ಬರೆಯಲು ಕೂತ: ನಟಿ. ನಡುವೆ ಗೊತ್ತಿಲ್ಲ. ಈಗ ನಾನು. ಒಂದು ಗಳಿಗೆ ತಡೆದು, 'ನಾನು' ಹೊಡೆದು 'ನಾವು' ಎಂದು ತಿದ್ದಿದ.

ಹೆಂಡತಿ ಅದನ್ನು ನೋಡಲೇ ಇಲ್ಲ. ಪುಸ್ತಕವನ್ನು ಕಿಟಕಿಯ ಬೆಳಕಿಗೆ ಒಡ್ಡಿ ಭೂತಗನ್ನಡಿ ಹಿಡಿದಿದ್ದಳು.

"ರೀ, ಏಳನೇ ಪುಟದಲ್ಲೂ ಒಂದು ಗುಳ್ಳೆ. ಒಂಬತ್ತರಲ್ಲಿ ಎರಡು. ಮೊದಲ ಪುಟಗಳಲ್ಲಿ ಮಾತ್ರ ಒಂದೂ ಇಲ್ಲ, ಎಷ್ಟು ಚೊಕ್ಕ ಕೆಲಸ! ನಡುವೆ ಅಚ್ಚು ತೆಗೆಯೋರ ಕೈ ಬದಲಾಗಿದೆ. ಹಳಬರಿಗೆ ಹುಷಾರಿಲ್ದೇ ಹೊಸಬರು ಬಂದ್ರೋ, ಇಲ್ಲಾ ಯಜಮಾನ ಬೇಗ ಬೇಗ ಅಂತ ಪ್ರಾಣ ಹಿಂಡಿದ್ನೋ? ಯಾರಿರಬಹುದು ಇವರೆಲ್ಲ?"

"ಅವರ ಹೆಸರು ಎಲ್ಲೂ ಇರಲ್ಲ ಕಣೇ."

"ಅದಕ್ಕೇ ಕೇಳಿದ್ದು."

ಕರಡಿ ಭೂತಗನ್ನಡಿಗೆ ಕೈ ಚಾಚಿದ. ಅವಳು ಕೊಡಲಿಲ್ಲ.